ಗಡಿಸೀಮೆಯ ದಫ್ತರಗಳಲ್ಲಿ ನಮ್ಮ ಹಿರಿಯರು

ಕನ್ಯೆ ನೋಡಲು ಬಂದ ಬೀಗರು ಉಭಯಕುಶಲೋಪರಿ ಮುಗಿಸಿ ಮೊದಲು ಕೇಳುವ ಪ್ರಶ್ನೆ "ತಮ್ಮ ಮೂಲ ಊರು ಯಾವುದು?" ಎಂಬುದು. ಉತ್ತರವೂ ಸಿದ್ಧವಾಗಿಯೇ ಇರುತ್ತದೆ. "ನಾವು ಮೂಲತಃ ಹೊಳೆಯಾಚೆಯವರು, ಬರಗಾಲದಲ್ಲಿ ಈಚೆ ಬಂದೆವು" ಎಂದು ಒಬ್ಬರು, "ದಂಗೆಯ ಕಾಲದಲ್ಲಿ ನಮ್ಮ ಮುತ್ತಜ್ಜನವರು ರಾತ್ರೋರಾತ್ರಿ ಊರು ಬಿಟ್ಟರು" ಎಂದು ಇನ್ನೊಬ್ಬರು. ಯಾವ ಬರ, ಯಾವ ದಂಗೆ, ಹೊಳೆಯಾಚೆ ಎಂದರೆ ಯಾವ ಊರು ಎಂದು ಮುಂದುವರಿದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮೂರು ತಲೆಮಾರಿನ ಆಚೆಗೆ ಹೆಸರು ಹೇಳಬಲ್ಲ ಮನೆಗಳು ಇಂದು ತೀರ ಕಡಿಮೆ.

ಆದರೆ ಆ ಹೆಸರುಗಳು ಅಳಿದುಹೋಗಿವೆ ಎಂದು ತಿಳಿಯಬೇಕಾಗಿಲ್ಲ. ಕಂಪನಿ ಸರಕಾರದ ಕಾಲದಿಂದ ಬರೆದಿಟ್ಟ ಕಂದಾಯದ ಕಾಗದಗಳಲ್ಲಿ ನಮ್ಮ ಹಿರಿಯರ ಹೆಸರುಗಳು ಸಾವಿರಗಟ್ಟಲೆ ಉಳಿದುಕೊಂಡಿವೆ. ತೊಡಕೆಂದರೆ, ಅವು ಒಂದೇ ಕಡೆ ಇಲ್ಲ. ಒಂದೇ ಭಾಷೆಯಲ್ಲಿಯೂ ಇಲ್ಲ. ಅದಕ್ಕೆ ಕಾರಣ ನಮ್ಮ ನಾಡು ಅಂದು ಒಡೆದುಹೋಗಿದ್ದ ರೀತಿ.

ತುಂಗಭದ್ರೆಯ ಎರಡು ದಂಡೆಗಳನ್ನು ಕಣ್ಣ ಮುಂದೆ ತಂದುಕೊಳ್ಳೋಣ. ದಕ್ಷಿಣಕ್ಕೆ ಹಡಗಲಿ, ಹರಪನಹಳ್ಳಿ, ಹೊಸಪೇಟೆಗಳು ಮದ್ರಾಸ್ ಅಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಉತ್ತರದ ದಂಡೆಯಲ್ಲಿ ಕೊಪ್ಪಳ, ಯಲಬುರ್ಗಿಗಳು ನಿಜಾಮನ ರಾಜ್ಯದೊಳಗಿದ್ದು ಸಾಲಾರ್‌ಜಂಗ್ ಮನೆತನದ ಜಹಗೀರಾಗಿದ್ದವು. ಅಲ್ಲಿಂದ ಒಂದು ದಿನದ ಚಕ್ಕಡಿ ಹಾದಿಯಲ್ಲಿ ಪಶ್ಚಿಮಕ್ಕೆ ಸರಿದರೆ ಮುಂಡರಗಿ, ಡಂಬಳ, ಗದಗ. ಇವು ಮುಂಬಯಿ ಅಧಿಪತ್ಯದ ಧಾರವಾಡ ಜಿಲ್ಲೆ. ನಡುವೆ ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜದವರದು, ಕುಂದಗೋಳ ಜಮಖಂಡಿಯವರದು, ಸವಣೂರು ನವಾಬನದು. ಹರಿಹರದ ಸೇತುವೆ ದಾಟಿದರೆ ಮೈಸೂರು ಸಂಸ್ಥಾನ. ಹೀಗೆ ಅಣ್ಣ ಒಂದು ಸರಕಾರದ ರೈತ, ತಮ್ಮ ಇನ್ನೊಂದರ ರೈತ, ಮಗಳನ್ನು ಕೊಟ್ಟ ಮನೆ ಮೂರನೆಯದರದು. ಸರಕಾರಗಳು ಗಡಿಕಲ್ಲು ನೆಟ್ಟವು. ಬೀಗತನಗಳು ಆ ಕಲ್ಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದುದರಿಂದ ಈ ಸೀಮೆಯ ಒಂದು ಮನೆತನದ ಚರಿತ್ರೆಯನ್ನು ಒಂದೇ ದಫ್ತರದಲ್ಲಿ ಹುಡುಕುವವರಿಗೆ ಅರ್ಧ ಮಾತ್ರ ದೊರೆಯುತ್ತದೆ.

ಇನ್ನೊಂದು ಮಾತನ್ನು ಮೊದಲಿಗೇ ಹೇಳಿಬಿಡುವುದು ಒಳಿತು. ಈ ಕಾಗದಗಳನ್ನು ಬರೆದವರಿಗೆ ನಮ್ಮ ವಂಶದ ಚಿಂತೆ ಇರಲಿಲ್ಲ. ಅವರು ಬರೆದದ್ದು ಭೂಮಿಯನ್ನು, ಭೂಮಿಯ ಆಕಾರವನ್ನು, ಅದನ್ನು ಕೊಡಬೇಕಾದವನ ಹೆಸರನ್ನು. ಹಣ, ಹೊಲ, ತಂಟೆ ಈ ಮೂರರಲ್ಲಿ ಒಂದಕ್ಕೆ ಸಂಬಂಧ ಬಂದಾಗ ಮಾತ್ರ ಮನುಷ್ಯನ ಹೆಸರು ಕಾಗದಕ್ಕೆ ಏರಿತು. ಜನಗಣತಿಯ ಪುಸ್ತಕಗಳಲ್ಲಿ ಅಜ್ಜನ ಹೆಸರು ಸಿಕ್ಕೀತೆಂದು ಹಲವರು ಆಸೆಪಡುವುದುಂಟು. ಅಲ್ಲಿ ಉಳಿದಿರುವುದು ಜಾತಿವಾರು, ಊರುವಾರು ಮೊತ್ತಗಳು. ಮನೆಮನೆಯ ಪಟ್ಟಿಗಳನ್ನು ಎಣಿಕೆ ಮುಗಿದ ಮೇಲೆ ಕಾಯ್ದಿಡಲಿಲ್ಲ.

ಹೊಳೆಯ ತೆಂಕಣ ದಂಡೆಯಿಂದ ಆರಂಭಿಸೋಣ. 1800ನೆಯ ಇಸವಿಯ ಅಕ್ಟೋಬರದಲ್ಲಿ ನಿಜಾಮನು ಒಪ್ಪಂದ ಮಾಡಿಕೊಂಡು ಬಳ್ಳಾರಿ, ಕಡಪ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಅಲ್ಲಿಗೆ ಮುಖ್ಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. 1807ರವರೆಗೆ ಅವನು ಅಲ್ಲಿದ್ದನು. 1802ರಿಂದ ಹೊಲಹೊಲದ ಅಳತೆ ನಡೆಯಿತು. ಅದಕ್ಕೆ ಮುಂಚೆ ಕಂದಾಯವು ಪಾಳೆಯಗಾರರ, ಗೌಡರ ಕೈಯಿಂದ ಒಟ್ಟಾಗಿ ಸಲ್ಲುತ್ತಿದ್ದುದರಿಂದ ಸಾಮಾನ್ಯ ಒಕ್ಕಲಿಗನ ಹೆಸರು ಮೇಲಿನ ಕಚೇರಿಗೆ ತಲುಪುವ ಪ್ರಸಂಗವೇ ಕಡಿಮೆಯಿತ್ತು. ಮನ್ರೋನ ರೈತವಾರಿ ಪದ್ಧತಿಯಲ್ಲಿ ಸರಕಾರವು ನೇರವಾಗಿ ರೈತನೊಡನೆ ಲೆಕ್ಕ ಇಟ್ಟಿತು. ಸಾಮಾನ್ಯ ಮನೆತನವೊಂದರ ಯಜಮಾನನ ಹೆಸರು ಕಾಗದದಲ್ಲಿ ಕಾಣತೊಡಗುವುದು ಹೆಚ್ಚಾಗಿ ಇಲ್ಲಿಂದಲೇ. ಆಮೇಲೆ 1858ರಲ್ಲಿ ಮದ್ರಾಸ್ ಸರಕಾರವು ಇನಾಮು ವಿಚಾರಣೆಯನ್ನು ಕೈಗೊಂಡಿತು. ಆಗ ಸಿದ್ಧವಾದ ಇನಾಂ ರಿಜಿಸ್ಟರುಗಳು ಮಠಮಾನ್ಯಗಳಿಗೆ ಸೇರಿದ ಮನೆತನಗಳಿಗೆ ನಿಧಿಯಿದ್ದಂತೆ. ಭೂಮಿಯನ್ನು ಮೊದಲು ಕೊಟ್ಟವರು ಯಾರು, ಯಾವ ಸೇವೆಗೆ ಕೊಟ್ಟರು, ಪಡೆದವನು ಯಾರು, ಈಗ ಅನುಭವಿಸುತ್ತಿರುವವನಿಗೂ ಅವನಿಗೂ ಏನು ಸಂಬಂಧ ಎಂಬುದನ್ನೆಲ್ಲ ಅಲ್ಲಿ ಅಂಕಣ ಹಾಕಿ ಬರೆದಿದ್ದಾರೆ. ಮದ್ರಾಸ್ ಸರಕಾರದ ಮೇಲಿನ ಕಚೇರಿಗಳ ಕಾಗದಗಳನ್ನು ನೋಡಬಯಸುವವರು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕಾಗುತ್ತದೆ.

ಊರಿನ ಮಟ್ಟದ ಕಥನಗಳು ಬೇಕೆನ್ನುವವರು ಕರ್ನಲ್ ಮೆಕೆಂಜಿಯು ಸಂಗ್ರಹಿಸಿದ ಕೈಫಿಯತ್ತುಗಳನ್ನು ನೋಡಬಹುದು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' ಗ್ರಂಥವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದ್ದರಿಂದ ಈ ಕೆಲಸ ಮನೆಯಲ್ಲಿ ಕುಳಿತೇ ಆಗುವಂತಾಗಿದೆ.

ಕುರಸಿನಾಮೆಯ ಕಥೆ

ಧಾರವಾಡ, ಬೆಳಗಾವಿಗಳ ಕಡೆಯ ಸಂಗತಿ ಇನ್ನೂ ಸ್ವಾರಸ್ಯವುಳ್ಳದ್ದು, ಕಹಿಯೂ ಆದದ್ದು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಈ ಸೀಮೆ ಕಂಪನಿಯ ಕೈಸೇರಿತು. ದೇಸಾಯಿ, ನಾಡಗೌಡ, ಪಾಟೀಲ, ಶೆಟ್ಟಿ, ಹಿರೇಮಠ ಮೊದಲಾದ ಮನೆತನಗಳು ತಲೆತಲಾಂತರದಿಂದ ಅನುಭವಿಸಿಕೊಂಡು ಬಂದ ಇನಾಮು ವತನಗಳ ಮೇಲೆ ಹೊಸ ಸರಕಾರದ ಕಣ್ಣು ಬಿತ್ತು. 1843ರಿಂದಲೇ ಪರಿಶೀಲನೆ ನಡೆದಿತ್ತು. 1852ರ ಹನ್ನೊಂದನೆಯ ಕಾಯಿದೆಯಿಂದ ಇನಾಮು ಕಮಿಶನ್ನಿಗೆ ಪೂರ್ಣ ಅಧಿಕಾರ ಬಂದಿತು. "ನಿಮ್ಮ ಸನದು ತೋರಿಸಿ, ನಿಮ್ಮ ವಂಶಾವಳಿ ಬರೆದುಕೊಡಿ" ಎಂಬುದು ಅದರ ಅಪ್ಪಣೆ. ಕೆಲವರ ಸನದುಗಳು ಸುಲಿಗೆಯಲ್ಲಿ ಹೋಗಿದ್ದವು, ಕೆಲವರವು ಗೆದ್ದಲಿಗೆ ಆಹಾರವಾಗಿದ್ದವು. ಬಾಯಿಮಾತಿನಿಂದ ಪಡೆದ ಭೂಮಿಗೆ ಸನದು ಎಲ್ಲಿಂದ ಬರಬೇಕು? ಹಲವಾರು ಮನೆತನಗಳ ಭೂಮಿ ಹೋಯಿತು. ಆದರೆ ಅವರು ಬರೆದುಕೊಟ್ಟ ಕುರಸಿನಾಮೆಗಳು ದಫ್ತರದಲ್ಲಿ ಉಳಿದವು. ಸೋತ ದಾವೆಯ ಕಾಗದದಿಂದಲೇ ಇಂದು ಮರಿಮಕ್ಕಳು ತಮ್ಮ ಆರು ತಲೆಮಾರುಗಳ ಹೆಸರನ್ನು ತಿಳಿಯುವಂತಾಗಿದೆ!

ಉಳಿದ ಇನಾಮುಗಳನ್ನು 1863ರ ಎರಡು ಕಾಯಿದೆಗಳ ಮೂಲಕ ಇತ್ಯರ್ಥಪಡಿಸಿದರು. ವತನದಾರರಿಗಾಗಿ 1874ರಲ್ಲಿ ಬೇರೊಂದು ಕಾಯಿದೆ ಬಂದಿತು. ವತನಗಳು ರದ್ದಾಗಿ ಭೂಮಿಯ ಮರುಮಂಜೂರಾತಿಯ ಪ್ರಶ್ನೆ ಬಂದಾಗ, ಅಂದರೆ 1950ರ ಹಾಗೂ 1961ರ ಕಾಯಿದೆಗಳ ತರುವಾಯ, ಮತ್ತೊಮ್ಮೆ ವಂಶಾವಳಿಗಳು ಕಚೇರಿ ಸೇರಿದವು. ಈ ಎರಡು ಕಾಲದ ಕುರಸಿನಾಮೆಗಳನ್ನು ಒಂದರ ಮುಂದೊಂದು ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ.

ಏಕೆಂದರೆ ಕುರಸಿನಾಮೆಯನ್ನು ಕಣ್ಣುಮುಚ್ಚಿ ನಂಬಲಾಗದು. ಅದು ದಾವೆ ಗೆಲ್ಲಲು ಬರೆದ ಪತ್ರ. ಪಾಲು ಕೊಡಬಾರದೆಂದುಕೊಂಡ ಭಾವುಬಂದರ ಕವಲೊಂದು ಅದರಲ್ಲಿ ಮಾಯವಾಗಿರಬಹುದು. ದತ್ತಕ ಬಂದವನನ್ನು ಹೊಟ್ಟೆಯ ಮಗನೆಂದೇ ತೋರಿಸಿರಬಹುದು. ದತ್ತಕವೆಂಬುದು ಆ ಕಾಲದಲ್ಲಿ ಎಂತಹ ಅಪಾಯದ ಮಾತಾಗಿತ್ತೆಂಬುದಕ್ಕೆ ಕಿತ್ತೂರಿಗಿಂತ ಬೇರೆ ನಿದರ್ಶನ ಬೇಡ. 1824ರಲ್ಲಿ ಶಿವಲಿಂಗರುದ್ರ ದೇಸಾಯಿಯವರು ಸಂತಾನವಿಲ್ಲದೆ ಲಿಂಗೈಕ್ಯರಾದರು. ಅವರ ದತ್ತಕವನ್ನು ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅದೇ ವರ್ಷದ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಮಡಿದನು. ಡಿಸೆಂಬರದಲ್ಲಿ ಕೋಟೆ ಬಿದ್ದಿತು. ಒಂದು ಸಂಸ್ಥಾನವೇ ಈ ಪ್ರಶ್ನೆಯ ಮೇಲೆ ಮುಳುಗಿದ್ದನ್ನು ಕಂಡ ಸಣ್ಣಪುಟ್ಟ ಇನಾಮುದಾರನು ತನ್ನ ಕುರಸಿನಾಮೆಯಲ್ಲಿ ದತ್ತಕ ಎಂಬ ಶಬ್ದವನ್ನು ಬರೆಯಲು ಹಿಂಜರಿದಿದ್ದರೆ ಅವನನ್ನು ಸುಳ್ಳುಗಾರನೆನ್ನಲು ನನಗೆ ಮನಸ್ಸು ಬಾರದು.

ಕಾಗದದ ಬೆಲೆ ಏನೆಂಬುದು ಬಂಡಾಯಗಾರರಿಗೂ ಗೊತ್ತಿತ್ತು. ಸಂಗೊಳ್ಳಿ ರಾಯಣ್ಣನ ದಂಡು 1830ರಲ್ಲಿ ಬೀಡಿಯ ಕಚೇರಿಗೆ ಬೆಂಕಿ ಇಟ್ಟುದು ಸುಮ್ಮನೆ ಅಲ್ಲ. ರೈತನ ಮೇಲೆ ಹೊರಿಸಿದ ಬಾಕಿ ಇದ್ದುದು ಅಂತಹ ಕಚೇರಿಗಳ ಕಾಗದದಲ್ಲಿ.

ಮೂರು ಸರಕಾರಗಳು ಬರೆದ ಒಂದು ಸಾವು

ಗಡಿಸೀಮೆಯ ದಾಖಲೆಗಳನ್ನು ಕೂಡಿಸಿ ಓದಬೇಕೆಂಬುದಕ್ಕೆ 1858ರ ಮುಂಡರಗಿಯ ಬಂಡಾಯವೇ ದೊಡ್ಡ ಪಾಠ. ಹಿಂದಿನ ವರ್ಷ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದು ಈ ಭಾಗದ ದೇಸಾಯಿ, ನಾಡಗೌಡರಲ್ಲಿ ಅಸಮಾಧಾನ ಕುದಿಯುತ್ತಿತ್ತು. ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯರು, ಹಮ್ಮಿಗೆಯ ಕೆಂಚನಗೌಡರು ಡಂಬಳದ ಖಜಾನೆಗೆ ಕೈಹಾಕಿದರು. ಅದು ಮುಂಬಯಿ ಸರಕಾರದ ನೆಲ. ಅಲ್ಲಿಂದ ಗಡಿ ದಾಟಿ ಕೊಪ್ಪಳದ ಕೋಟೆಯನ್ನು ಹಿಡಿದರು. ಅದು ನಿಜಾಮನ ನೆಲ. ಅವರನ್ನು ಮುತ್ತಲು ಬಂದ ಮೇಜರ್ ಹ್ಯೂಸನ ದಂಡು ಮದ್ರಾಸಿನದು. ಜೂನ್ ಮೊದಲಲ್ಲಿ ಕೋಟೆ ಬಿದ್ದು ಇಬ್ಬರು ನಾಯಕರೂ ಅಲ್ಲಿಯೇ ಮಡಿದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬರ ಸಂಸ್ಥಾನವೂ ಕೊನೆಗಂಡಿತು.

ಈಗ ಒಂದು ಮನೆತನವನ್ನು ಊಹಿಸಿಕೊಳ್ಳೋಣ. "ನಮ್ಮ ಮುತ್ತಜ್ಜನ ಅಪ್ಪ ಕೊಪ್ಪಳದ ಕೋಟೆಯಲ್ಲಿ ಸತ್ತರಂತೆ" ಎಂಬ ಒಂದೇ ವಾಕ್ಯ ಆ ಮನೆಯಲ್ಲಿ ಉಳಿದಿದೆ. ಅವರು ಗದಗಿನ ತಹಶೀಲ ಕಚೇರಿಯಲ್ಲಿ ಮಾತ್ರ ಹುಡುಕಿ ಬರಿಗೈಯಲ್ಲಿ ಬಂದರೆ ಆಶ್ಚರ್ಯವಿಲ್ಲ. ಬಂಡಾಯ ಎದ್ದ ಊರಿನ ವಿಚಾರಣೆ, ಜಪ್ತಿಯಾದ ಹೊಲದ ವಿಷಯ ಮುಂಬಯಿ ಸರಕಾರದ ಕಾಗದಗಳಿಗೆ ಸೇರಿದ್ದು. ದಂಡಿನ ವರದಿಯು ಮದ್ರಾಸಿನ ಸೈನ್ಯದ್ದು. ಘಟನೆ ನಡೆದ ಕೋಟೆ ಹೈದರಾಬಾದಿನ ಅಧಿಕಾರದೊಳಗಿನದು. ಇಷ್ಟಾದರೂ ನಾಯಕರ ಹೆಸರು ಎಲ್ಲೆಡೆ ಸಿಗುತ್ತದೆ. ಅವರ ಬೆನ್ನ ಹಿಂದೆ ಹೋದ ಸಾಮಾನ್ಯನ ಹೆಸರು ಸಿಕ್ಕರೆ ಜಪ್ತಿಯ ಪಟ್ಟಿಯಲ್ಲಿ ಸಿಗಬೇಕು, ಇಲ್ಲವೆ ಮುಂದಿನ ಮೋಜಣಿಯಲ್ಲಿ ಅವನ ಹೊಲಕ್ಕೆ ಬೇರೊಬ್ಬನ ಹೆಸರು ಬಂದಿರುವುದರಿಂದ ಊಹಿಸಬೇಕು.

ಹೈದರಾಬಾದಿನ ಕಡೆಗೆ ಇನ್ನೂ ಒಂದು ತಿರುವುಂಟು. ರಾಯಚೂರು ದೋಆಬವನ್ನು ನಿಜಾಮನು 1853ರಲ್ಲಿ ಇಂಗ್ಲಿಷರಿಗೆ ಒಪ್ಪಿಸಿ 1860ರಲ್ಲಿ ಮರಳಿ ಪಡೆದನು. ಆ ಏಳು ವರ್ಷಗಳ ವ್ಯವಹಾರ ಒಂದು ಬಗೆ; ಹಿಂದುಮುಂದಿನದು ಬೇರೆ ಬಗೆ. ನಿಜಾಮನ ಕಚೇರಿಗಳಲ್ಲಿ 1880ರ ದಶಕದವರೆಗೆ ಫಾರಸಿ, ಆಮೇಲೆ ಉರ್ದು. ಅಲ್ಲಿಯ ಇನಾಮುದಾರರಿಗೆ ದೊರೆತ ಮುಂತಖಾಬುಗಳು ನಮ್ಮ ಕಡೆಯ ಇನಾಮು ನಿರ್ಣಯಗಳಿಗೆ ಸಮಾನ.

ಬರದ ಮಾತಿಗೆ ಬಂದರೆ, "ಧಾತು ಈಶ್ವರ" ಬರವೆಂದು ಹಿರಿಯರು ಹೇಳುತ್ತಿದ್ದುದು 1876ರಿಂದ 1878ರವರೆಗಿನ ಮಹಾಕ್ಷಾಮವನ್ನು. ಆ ಎರಡು ವರ್ಷಗಳು ಧಾರವಾಡ, ಕಲಾದಗಿ, ಬಳ್ಳಾರಿಗಳ ಊರೂರುಗಳನ್ನು ಬರಿದು ಮಾಡಿದವು. ಮುಂಬಯಿ ಸೀಮೆಯಲ್ಲಿ ಹೊಲ ಬಿಡುವವನು ರಾಜಿನಾಮೆ ಬರೆದುಕೊಡಬೇಕು, ಹಿಡಿಯುವವನು ಕಬುಲಾಯತಿ ಬರೆದುಕೊಡಬೇಕು ಎಂಬುದು ನಿಯಮ. ತಮ್ಮ ಮನೆತನ ಬರದಲ್ಲಿ ಬಂದದ್ದೆಂದು ಹೇಳುವವರು ಈಗಿರುವ ಊರಿನ ಕಬುಲಾಯತಿಯನ್ನು ಮೊದಲು ನೋಡಬೇಕು. ಹಳೆಯ ಊರಿನ ಸುಳಿವು ಸಿಕ್ಕರೆ ಅಲ್ಲಿಯ ರಾಜಿನಾಮೆಯನ್ನು ಹುಡುಕಬೇಕು. ಎರಡೂ ದೊರೆತರೆ ಹೊಳೆಯ ಎರಡು ದಂಡೆಗಳು ಕೂಡಿದಂತೆ. ಒಬ್ಬ ಮನುಷ್ಯನು ತನ್ನ ಹೊಲವನ್ನು ಬಿಟ್ಟುಬಿಟ್ಟೆನೆಂದು ಒತ್ತಿದ ಹೆಬ್ಬೆರಳಿನ ಗುರುತು ಅಥವಾ ನೇಗಿಲಿನ ನಿಶಾನಿಯನ್ನು ಕಂಡಾಗ, ಕಂದಾಯದ ಕಾಗದಕ್ಕೂ ಕಣ್ಣೀರಿಗೂ ದೂರವಿಲ್ಲವೆನಿಸುತ್ತದೆ.

ಓದುವ ಕಷ್ಟಗಳು

ಪೇಶ್ವೆಯ ಕಾಲದ ಹಾಗೂ ಆಮೇಲಿನ ಎಷ್ಟೋ ಕಾಗದಗಳು ಮರಾಠಿ ಭಾಷೆಯಲ್ಲಿ ಮೋಡಿ ಲಿಪಿಯಲ್ಲಿವೆ. ಲೇಖಣಿ ಎತ್ತದೆ ಎಳೆದ ಆ ಬರವಣಿಗೆಯನ್ನು ಮರಾಠಿ ಬಲ್ಲವರೂ ಓದಲಾರರು. ನಾನು ಮಠದಲ್ಲಿ ಓದುತ್ತಿದ್ದಾಗ ಹಳೆಯ ಕಡತ ನೋಡಿಕೊಳ್ಳುತ್ತಿದ್ದ ಮುಪ್ಪಿನ ಗುಮಾಸ್ತರೊಬ್ಬರು ಸಂಜೆಯ ಹೊತ್ತು ಸ್ಲೇಟಿನ ಮೇಲೆ ಮೋಡಿ ತಿದ್ದಿಸುತ್ತಿದ್ದರು. ನಾವು ಹುಡುಗರು ತಪ್ಪಿಸಿಕೊಳ್ಳುತ್ತಿದ್ದೆವು. ಇಂದು ಮೋಡಿ ಬಲ್ಲವರನ್ನು ಜಿಲ್ಲೆಗೆ ಇಬ್ಬರು ಮೂವರೆಂದು ಹುಡುಕಬೇಕು. ಪುಣೆಯ ಪತ್ರಾಗಾರದ ಪೇಶ್ವೆ ದಫ್ತರದಲ್ಲಿ ರುಮಾಲು ರುಮಾಲಾಗಿ ಕಟ್ಟಿಟ್ಟ ಕಾಗದಗಳು ಓದುವವರಿಗಾಗಿ ಕಾದಿವೆ.

ಕಾಲಗಣನೆ ಇನ್ನೊಂದು ತೊಡಕು. ಶಕಕ್ಕೆ 78 ಕೂಡಿಸಿದರೆ ಇಸವಿ. ನಮ್ಮ ಸೀಮೆಯ ಫಸಲಿಗೆ 590, ಪೇಶ್ವೆಯವರ ಸುಹೂರ್ ಸನ್ನಿಗೆ 599 ಅಥವಾ 600. ಬರಿಯ ಸಂವತ್ಸರದ ಹೆಸರನ್ನು ನೆಚ್ಚಿದರೆ ಅರವತ್ತು ವರ್ಷದ ತಪ್ಪು ಸಂಭವಿಸುತ್ತದೆ. ಧಾತು ಸಂವತ್ಸರವು 1816ರಲ್ಲಿಯೂ ಬಂದಿತ್ತು, 1876ರಲ್ಲಿಯೂ ಬಂದಿತು.

ಹೆಸರುಗಳದು ಮತ್ತೊಂದು ಕಾಡು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ರೂಢಿಯಿಂದ "ಬಸಪ್ಪ ಬಿನ್ ವೀರಪ್ಪ", "ವೀರಪ್ಪ ಬಿನ್ ಬಸಪ್ಪ" ಎಂದು ನೂರೈವತ್ತು ವರ್ಷ ಇಬ್ಬರೇ ಬದುಕಿದ್ದರೇನೋ ಎಂಬಂತೆ ತೋರುತ್ತದೆ. ನಿಜಾಮನ ಸೀಮೆಯಲ್ಲಿ 'ಬಿನ್' ಇದ್ದೆಡೆ 'ವಲದ್' ಬರುತ್ತದೆ. ಅಡ್ಡಹೆಸರನ್ನು ನೆಚ್ಚುವಂತಿಲ್ಲ, ಅಣ್ಣ ಪಾಟೀಲನೆಂದೂ ತಮ್ಮ ಬಿಟ್ಟುಬಂದ ಊರಿನ ಹೆಸರಿನವನೆಂದೂ ಬರೆಸಿದ್ದುಂಟು. ಇಂಗ್ಲಿಷ್ ವರದಿಗಳಲ್ಲಂತೂ ಊರಿನ ಹೆಸರುಗಳೇ ಗುರುತು ಸಿಗದಷ್ಟು ಕೆಟ್ಟಿವೆ. ಇವೆಲ್ಲದರ ನಡುವೆ ಕದಲದೆ ನಿಲ್ಲುವುದು ಹೊಲವೊಂದೇ. 1840ರ ದಶಕದಲ್ಲಿ ವಿಂಗೇಟನ ಮೋಜಣಿ ನಡೆದ ಮೇಲೆ ಹೊಲಕ್ಕೆ ನಂಬರು ಬಿದ್ದಿತು. ಆದುದರಿಂದ ಇಂದಿನ ಪಹಣಿಯ ಸರ್ವೆ ನಂಬರನ್ನು ಕೈಯಲ್ಲಿ ಹಿಡಿದು, ವಾರಸಾ ಮತ್ತು ವಾಟ್ನಿಯ ನೋಂದುಗಳ ಮೂಲಕ 1903ರ ಕಾಯಿದೆಯಿಂದ ಆರಂಭವಾದ ಹಕ್ಕುದಾಖಲೆಗೆ, ಅಲ್ಲಿಂದ ಮೋಜಣಿಯ ಪುಸ್ತಕಗಳಿಗೆ, ಅಲ್ಲಿಂದ ಇನಾಮು ವಿಚಾರಣೆಗೆ ಹಿಮ್ಮುಖವಾಗಿ ನಡೆಯುವುದೇ ದಾರಿ. ಅಂದಿನ ಜಿಲ್ಲೆ ಯಾವುದೆಂಬುದನ್ನೂ ನೆನಪಿಡಬೇಕು: ಬೆಳಗಾವಿ 1836ರಲ್ಲಿ ಧಾರವಾಡದಿಂದ ಬೇರೆಯಾಯಿತು, ಕಲಾದಗಿ ಜಿಲ್ಲೆ 1864ರಲ್ಲಿ ಹುಟ್ಟಿ ಮುಂದೆ ವಿಜಾಪುರವೆನಿಸಿತು.

ಇಷ್ಟೆಲ್ಲ ಹುಡುಕಿದವನಿಗೆ ಕಾಗದವು ಹೇಳದೆ ಉಳಿಸುವುದೊಂದಿದೆ. ಅದು ಹೆಣ್ಣಿನ ಕಡೆ. ಹೊಳೆ ದಾಟಿದವರಲ್ಲಿ ಹೆಚ್ಚಿನವರು ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಹುಟ್ಟಿದ ಊರಿನ ದಫ್ತರದಲ್ಲಿ ಅವರ ಹೆಸರಿಲ್ಲ, ಸೇರಿದ ಊರಿನದರಲ್ಲಿಯೂ ಇಲ್ಲ. ಗಂಡ ಸತ್ತು, ಮಕ್ಕಳು ಚಿಕ್ಕವರಾಗಿದ್ದು, ಹೊಲ ಅವಳ ಹೆಸರಿಗೆ ಬಂದಾಗ ಮಾತ್ರ "ಬಸವ್ವ ಕೋಂ ವೀರಪ್ಪ" ಎಂದು ಒಂದು ಸಾಲಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಅಲ್ಲಿಯೂ ತವರಿನ ಹೆಸರಿಲ್ಲ. ಅವಳು ಉಡಿಕೆಯಾಗಿ ಇನ್ನೊಂದು ಮನೆ ಸೇರಿದರೆ ಆ ಸಾಲೂ ಹೊಡೆದುಹೋಗುತ್ತದೆ. ಉಡಿಕೆ ನಮ್ಮ ಎಷ್ಟೋ ಬಳಗಗಳಲ್ಲಿ ಮಾನ್ಯವಾಗಿದ್ದ ಪದ್ಧತಿ. ಇಂದು ವಂಶವೃಕ್ಷ ಅಚ್ಚು ಹಾಕಿಸುವ ಕೆಲವರು ಅಂತಹ ಅಜ್ಜಿಯನ್ನು ಅಳಿಸಿ, ಸಾಲ ಮಾಡಿ ಹೊಲ ಕಳೆದ ಅಜ್ಜನನ್ನು ಮರೆತು, ಮೇಲ್ತುದಿಗೆ ಯಾವುದಾದರೂ ಅರಸುಮನೆಯನ್ನು ಅಂಟಿಸುವುದನ್ನು ಕಂಡಿದ್ದೇನೆ. ಕಾಯಕವನ್ನು ಹಿರಿದೆಂದು ನಂಬಿದ ಸಮಾಜದಲ್ಲಿ ಗಾಣಿಗನೋ ನೇಕಾರನೋ ಆಗಿದ್ದ ಹಿರಿಯನನ್ನು ದೇಸಾಯಿಯಾಗಿ ಬದಲಿಸುವ ಅಗತ್ಯವೇನಿದೆಯೋ ನನಗೆ ತಿಳಿಯದು. ದಫ್ತರದಲ್ಲಿದ್ದುದನ್ನು ಇದ್ದಂತೆ ಬರೆದುಕೊಳ್ಳಬೇಕು.

ಕಾಗದಕ್ಕೆ ಜೊತೆಯಾಗಿ ನಮ್ಮಲ್ಲಿ ಇನ್ನೊಂದು ದಾಖಲೆ ಇದೆ; ಅದಕ್ಕೆ ಗಡಿಯ ಕಟ್ಟಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ, ಗಂಟೆ ಬಾರಿಸುತ್ತ ಬಂದು ಮನೆತನದ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಹೊಗಳುವ ಹೆಳವರು ಒಕ್ಕಲು ಮನೆಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ತಲೆಮಾರುಗಳಿಂದ ಹೊತ್ತಗೆ ಕಾಯ್ದುಕೊಂಡು ಬಂದವರು. ಒಕ್ಕಲು ಊರು ಬಿಟ್ಟು ಬೇರೆ ಸೀಮೆಗೆ ಹೋದರೆ ಹೆಳವನು ಕೇಳುತ್ತ ಅಲ್ಲಿಗೂ ಹೋಗುತ್ತಿದ್ದನು. ಮುಂಬಯಿ ಸರಕಾರ, ನಿಜಾಮ ಸರಕಾರ ಎಂಬ ಭೇದ ಅವನ ಎತ್ತಿಗಿರಲಿಲ್ಲ. ಅವರ ಮಕ್ಕಳು ಇಂದು ಬೇರೆ ಉದ್ಯೋಗಗಳಿಗೆ ಹೋಗುತ್ತಿದ್ದಾರೆ, ಅದು ಅವರ ಹಕ್ಕು. ಆದರೆ ಹೊತ್ತಗೆಗಳು ಮುಂದಕ್ಕೆ ಬರುವ ಭರವಸೆಯಿಲ್ಲ. ಅವರ ಮಾತಿನಲ್ಲಿ ಹೊಗಳಿಕೆಯ ಪಾಲು ಉಂಟೆಂಬುದು ನಿಜ. ಕುರಸಿನಾಮೆಯಲ್ಲಿ ವಕೀಲನ ಪಾಲಿದ್ದಂತೆ ಇದು ಎಂದು ತಿಳಿದು ಓದಿದರೆ ಸಾಕು.

ಹಳೆಯ ಕಂದಾಯ ದಾಖಲೆಗಳನ್ನು ಸರಕಾರವು ಈಚಿನ ವರ್ಷಗಳಲ್ಲಿ ಗಣಕಕ್ಕೆ ಏರಿಸುತ್ತಿದೆ. ನಕಲು ಪಡೆಯುವವರು ಪ್ರತಿಯ ಹಿಂಬದಿಗೆ ದಫ್ತರದ ಹೆಸರು, ರುಮಾಲು ಅಥವಾ ಪುಸ್ತಕದ ಸಂಖ್ಯೆ, ಊರು, ಪಡೆದ ತಾರೀಖು ಇಷ್ಟನ್ನು ಮಸಿಯಿಂದ ಬರೆದಿಡಬೇಕು. ಮುಂದಿನ ಸುಗ್ಗಿಗೆ ಹೆಳವನು ಬಾಗಿಲಿಗೆ ಬಂದಾಗ ಅಕ್ಕಿ, ಜೋಳ, ಬಟ್ಟೆ ಕೊಟ್ಟು ಕಳುಹಿಸಿಬಿಡದೆ, ಪಡಸಾಲೆಯಲ್ಲಿ ಕೂಡಿಸಿಕೊಂಡು ಆ ನಕಲನ್ನು ಅವನಿಗೆ ಓದಿ ಹೇಳಿ. ಮನೆಯ ಹಿರಿಯ ಅಜ್ಜಿಯನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಅತ್ತೆಯ ತವರು, ಅತ್ತೆಯ ಅತ್ತೆಯ ತವರು ಯಾವ ಊರೆಂಬುದು ಅವರಿಗೆ ಗೊತ್ತಿರುತ್ತದೆ. ಮೂವರಲ್ಲಿ ಒಬ್ಬರು ಹೇಳಿದ ಹೆಸರು ಇನ್ನಿಬ್ಬರಲ್ಲಿ ಇಲ್ಲದಿದ್ದರೆ ಅದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹೊಳೆಯಾಚೆಯ ಹುಡುಕಾಟ ಆ ಹಾಳೆಯಿಂದ ಆರಂಭವಾಗಬೇಕು.